ಬೇಲಿ ದಾಟಿದ ಕೊಂಬೆ

ಸರ್ಕಾರಿ ತೋಪಿನ ಬಸರಿ ಮರದ ಕೊಂಬೆಯೊಂದು ಬೇಲಿ ದಾಟಿ ಅಂಗಳದ ಮೇಲೆ ಚಾಚಿದ್ದನ್ನು ಕಂಡು, ಮರಿಗಳ ತಾಯಿ ಹೇಂಟೆ ಕೋಳಿಗೆ ಅನುಮಾನ ಹತ್ತಿತು. "ಇಂದು ಕೊಂಬೆ ಬಂತು, ನಾಳೆ ಬೇರು ಬಂದು ನನ್ನ ಗೂಡನ್ನೇ ನುಂಗೀತು" ಎಂದು ಅದು ಆಡನ್ನು ಕರೆಯಿತು.

"ಬೇಲಿಯ ಈಚೆಗೆ ಬಂದದ್ದನ್ನು ತರಿಯಬಹುದು. ಆಚೆಗಿನದು ಸರ್ಕಾರದ್ದು, ಮುಟ್ಟುವಂತಿಲ್ಲ" ಎಂದ ಆಡು, ಕಾಯಿದೆ ಮೀರದೆ ಕೊಂಬೆಯನ್ನು ಬೋಳಿಸಿತು.

ಕೊಂಬೆಯ ಮರೆ ಹೋಗಿ ಬಯಲಾದ ಅಂಗಳದ ಮೇಲೆ ಮರುದಿನವೇ ಹದ್ದು ಸುತ್ತತೊಡಗಿತು. ಹೇಂಟೆ ಮರಿಗಳನ್ನು ಅಟ್ಟಿಕೊಂಡು ಬೇಲಿ ನುಸುಳಿ ಮರದ ಬುಡಕ್ಕೆ ಓಡಿತು.

"ಒಳಗೆ ಬನ್ನಿ, ಇಲ್ಲಿ ಅದರ ಕಣ್ಣು ಬೀಳದು" ಎಂದಿತು ಮರ.

ಮರಿಗಳೆಲ್ಲ ಉಳಿದವು. "ಇಷ್ಟು ಒಳ್ಳೆಯ ಮಾತಾಡುತ್ತದಲ್ಲ, ಇದರ ಮನಸ್ಸಿನಲ್ಲೇನಿದೆಯೋ" ಎಂದುಕೊಂಡ ಹೇಂಟೆ, ಸಂಜೆಯವರೆಗೂ ಹದ್ದನ್ನು ಬಿಟ್ಟು ಕೊಂಬೆಗಳ ಮೇಲೇ ಕಣ್ಣಿಟ್ಟು ಕೂತಿತು.