ಕಂಪ್ಯೂಟರ್ ಹೊತ್ತೊಯ್ದ ಕಸಬುದಾರ

"ಅಪ್ಪಾರ, ನೀವು ಹೇಳಿಕೊಟ್ಟದ್ದೆಲ್ಲಾ ನನ್ನ ತಲ್ಯಾಗ ಕುಂತೈತಿ. ಇನ್ನ ಕಲಿಯೂದು ಏನರ ಉಳದೈತೇನ್ರಿ?"

ಹೀಗೆ ಕೇಳಿದವನು ಅಡವಯ್ಯ, ಮಠದಲ್ಲೇ ಬೆಳೆದ ಶಿಷ್ಯ. ಮರುದಿನ ದೂರದ ಊರಿಗೆ ಪ್ರವಚನ ಹೇಳಲು ಹೊರಟಿದ್ದ. ಕಟ್ಟಿದ ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುರುಗಳ ಎದುರು ಕುಳಿತಿದ್ದ. ಹುಡುಗ ಜಾಣ, ಅದರಲ್ಲಿ ಎರಡು ಮಾತಿಲ್ಲ. ಭಕ್ತರು ಏನು ಕೇಳಿದರೂ ಒಮ್ಮೆ ಪಕ್ಕದಲ್ಲಿದ್ದ ಗುರುಗಳ ಮುಖ ನೋಡಿ, ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಸೀರೆಗೆ ಡಿಸೈನ್ ಬರೆಯುವ ಕಸಬುದಾರನೊಬ್ಬನಿದ್ದ. ನೇಕಾರರ ಸಂಘದಲ್ಲಿ ಅವನ ಕೆಲಸ. ದಡಿ, ಅಂದರೆ ಸೀರೆಯ ಅಂಚು, ಮತ್ತು ಸೆರಗುಗಳ ಡಿಸೈನುಗಳನ್ನೆಲ್ಲ ಸಂಘದವರು ಒಳಕೋಣೆಯ ಒಂದು ಕಂಪ್ಯೂಟರಿನಲ್ಲಿ ಕೂಡಿಟ್ಟು, ಉಳಿದ ಕಂಪ್ಯೂಟರುಗಳಿಗೆ ಅಲ್ಲಿಂದ ತಂತಿ ಎಳೆಸಿದರು. ಒಬ್ಬರು ಬರೆದದ್ದು ಎಲ್ಲರಿಗೂ ಸಿಗಲಿ ಎಂಬುದು ಅವರ ಉದ್ದೇಶ. ತಂತಿ ಜೋಡಿಸಿದ ದಿನ ಕಸಬುದಾರನ ಪರದೆಯ ಮೇಲೆ ಹೊಸದೊಂದು ಡ್ರೈವ್ ಕಾಣಿಸಿಕೊಂಡಿತು. ಅವನ ಸ್ವಂತ ಸಿ ಡ್ರೈವ್, ಡಿ ಡ್ರೈವ್‌ಗಳ ಸಾಲಿನಲ್ಲೇ ಅದೂ ಝಡ್ ಡ್ರೈವ್ ಎಂದು ಹೆಸರಿಟ್ಟುಕೊಂಡು ಮನೆಮಗನ ಹಾಗೆ ಕುಳಿತಿತ್ತು. ಒತ್ತಿದರೆ ತೆರೆಯುತ್ತಿತ್ತು, ಬೇಕಾದ ಡಿಸೈನ್ ಸಿಗುತ್ತಿತ್ತು; ಕೈಯಿಂದ ಬರೆಯುವ ರೂಢಿಯೇ ತಪ್ಪಿಹೋಯಿತು. ದಿನವೂ ತೆರೆದು ತೆರೆದು, ಅದೆಲ್ಲ ತನ್ನ ಕಂಪ್ಯೂಟರಿನ ಹೊಟ್ಟೆಯಲ್ಲೇ ಇದೆ ಎಂದು ಅವನು ನಂಬಿದ.

ಹೀಗಿರುವಾಗ ದೂರದ ಹಳ್ಳಿಯೊಂದರಲ್ಲಿ ಕೈಮಗ್ಗ ಹೂಡಿಸುವ ಕೆಲಸವನ್ನು ಸಂಘ ಅವನಿಗೆ ಒಪ್ಪಿಸಿತು. ಅವನ ಮಾತು ನಂಬಿ ಅಲ್ಲಿನ ನೇಕಾರರು ಪವರ್‌ಲೂಮಿನ ಕೂಲಿ ಬಿಟ್ಟಿದ್ದರು. ಹೊರಡುವಾಗ ಜೊತೆಗಾರ ಹೇಳಿದ, "ಡಿಸೈನೆಲ್ಲಾ ಕಾಪಿ ಮಾಡ್ಕೊಂಡು ಹೋಗೋ."

"ಕಾಪಿ ಯಾಕ? ಕಂಪ್ಯೂಟರನ್ನ ಒಯ್ಯಾಕತ್ತೀನಲ್ಲ!" ಎಂದ ಕಸಬುದಾರ.

ತಂತಿ ಕಿತ್ತ. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತ. ಇದಕ್ಕೂ ಅರ್ಧ ಟಿಕೆಟ್ ಹರಿಯಲೇ ಎಂದು ಕಂಡಕ್ಟರ್ ಕೇಳಿದ.

ಇಲ್ಲಿ ಅಡವಯ್ಯ ನಕ್ಕುಬಿಟ್ಟ. ಗುರುಗಳು ನಗಲಿಲ್ಲ.

ಹಳ್ಳಿಯಲ್ಲಿ ನೇಕಾರರು ಹಾಸಿನ ನೂಲು ಹೂಡಿ, ಮಗ್ಗಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾದಿದ್ದರು. ಕಸಬುದಾರ ಎಲ್ಲರೆದುರು ಕಂಪ್ಯೂಟರ್ ಚಾಲೂ ಮಾಡಿದ. ಝಡ್ ಡ್ರೈವ್ ಇದ್ದಲ್ಲೇ ಇತ್ತು, ಅದರ ಮೇಲೆ ಮಾತ್ರ ಒಂದು ಕೆಂಪು ಗುರುತು. ಒತ್ತಿದ. ತೆರೆಯಲಿಲ್ಲ. ಮತ್ತೆ ಮತ್ತೆ ಒತ್ತಿದ. ಸಂಘಕ್ಕೆ ಫೋನ್ ಮಾಡಿದ ಮೇಲೆ, ಡಿಸೈನುಗಳು ಯಾವತ್ತೂ ಒಳಕೋಣೆ ಬಿಟ್ಟು ಬಂದೇ ಇರಲಿಲ್ಲ ಎಂಬುದು ತಿಳಿಯಿತು. ಆ ಹಳ್ಳಿಗೆ ಇನ್ನೂ ಇಂಟರ್ನೆಟ್ ಇರಲಿಲ್ಲ. ಕಳಿಸುವುದಾದರೂ ಬಸ್ಸಿನಲ್ಲೇ ಕಳಿಸಬೇಕು, ಮುಟ್ಟಲು ದಿನಗಳು ಬೇಕು. ಕೂಲಿ ಬಿಟ್ಟವರಿಗೆ ಅಷ್ಟು ದಿನ ಕೈಕಟ್ಟಿ ಕೂರುವ ಶಕ್ತಿ ಇರಲಿಲ್ಲ.

ನೇಯುವ ಮುದುಕಿಯೊಬ್ಬಳು ಕೇಳಿದಳು, "ಯಪ್ಪಾ, ಇವತ್ತ ಮಗ್ಗ ಆಡತೈತೋ ಇಲ್ಲೋ? ಇಲ್ಲಂದ್ರ ನಾವು ನಾಳೆ ಹಳೇ ಮಾಲಕನ ಬಾಗಲಕ್ಕ ಹೋಗಬೇಕಾಗ್ತೈತಿ."

ಕಸಬುದಾರ ನಾಚಿಕೆಯಿಂದ ಕುಗ್ಗಿಹೋದ. ಒಂದು ಗ್ರಾಫ್ ಹಾಳೆ ತರಿಸಿಕೊಂಡು ನೆಲದ ಮೇಲೆ ಕುಳಿತ. ದಡಿಗಳ ಹೆಸರೆಲ್ಲ ನೆನಪಿದ್ದವು, ಬಣ್ಣಗಳೂ ನೆನಪಿದ್ದವು. ಯಾವ ಚೌಕ ತುಂಬಬೇಕು, ಯಾವುದನ್ನು ಬಿಡಬೇಕು ಎಂಬುದು ಮಾತ್ರ ಹೊಳೆಯಲಿಲ್ಲ. ಕೊನೆಗೆ ಒಂದೇ ಒಂದು ದಡಿಗೆ ಕೈ ಓಡಿತು. ಅದು ರುದ್ರಾಕ್ಷಿ ದಡಿ. ಅವನು ಎಳೆಯನಿದ್ದಾಗ ಅವನ ತಾಯಿ ಅದನ್ನು ಬರೆಸುತ್ತಿದ್ದಳು. ತಪ್ಪಿದಾಗಲೆಲ್ಲ ಹಾಳೆ ಹರಿದು ಹಾಕುತ್ತಿದ್ದಳು. ಅತ್ತರೂ ಬಿಡದೆ ಮತ್ತೆ ಮೊದಲಿನಿಂದ ಬರೆಸುತ್ತಿದ್ದಳು.

ಸಂಜೆಯ ಹೊತ್ತಿಗೆ ಮಗ್ಗಗಳು ಆಡಿದವು. ನೇಕಾರರು ಹಳೆಯ ಕೂಲಿಗೆ ಹೋಗಲಿಲ್ಲ. ಸಂಘದಿಂದ ಡಿಸೈನುಗಳು ಬಂದು ಮುಟ್ಟುವವರೆಗೆ ಆ ಹಳ್ಳಿಯ ಸೀರೆಗಳಿಗೆಲ್ಲ ರುದ್ರಾಕ್ಷಿಯೊಂದೇ ದಡಿ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ತೊಡೆಯ ಮೇಲಿದ್ದ ಜೋಳಿಗೆಯನ್ನು ಮೆಲ್ಲಗೆ ಕೆಳಗಿಳಿಸಿದ.

"ನಾಳೆ ಹೋಗು, ಬ್ಯಾಡನ್ನೂದಿಲ್ಲ. ನಿನ್ನ ಕೈಗೆ ಬರೂ ದಡಿ ಯಾವುದು, ಅದೊಂದು ಹೇಳಿ ಹೋಗು," ಎಂದರು ಗುರುಗಳು.

ಅಡವಯ್ಯ ರೂಢಿಯಂತೆ ಗುರುಗಳ ಮುಖ ನೋಡಿದ. ಗುರುಗಳು ಕಣ್ಣು ಮುಚ್ಚಿಕೊಂಡಿದ್ದರು.