ಹಿಂದಕ್ಕೆ ಅರ್ಧ ಸುತ್ತು

ಕಿರುಬಾಯಿಯೋ, ಕಿರಿಬಾಯಿಯೋ, ಆ ತುಂಡಿಗೆ ಮಠದಲ್ಲಿ ಹಾಗೇನೋ ಒಂದು ಹೆಸರಿತ್ತು. ಅಂಗಡಿಯವರು ರೆಡ್ಯೂಸರ್ ಅನ್ನುತ್ತಾರೆ. ದಪ್ಪ ಪೈಪಿಗೂ ಸಣ್ಣ ಪೈಪಿಗೂ ನಡುವೆ ಕೂರುವ ಹಿತ್ತಾಳೆಯ ತುಂಡು. ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ಎರಡರ ಒಳಗೂ ತಿರುಪಿನ ಸುತ್ತು. ಕಿರುಬಾಯಿ ಎಂದೇ ಇರಲಿ.

ಹೊಳೆದಂಡೆಯ ಆ ಮಠದಲ್ಲಿ ಜ್ವರಕ್ಕೆ ಕಷಾಯ ಕಾಯಿಸಿ ಕೊಡುತ್ತಿದ್ದರು. ಬಾಯ್ಲರಿನ ಉಗಿ ದಪ್ಪ ಪೈಪಿನಲ್ಲಿ ಬಂದು, ಕಿರುಬಾಯಿ ದಾಟಿ, ಸಣ್ಣ ಪೈಪಿನಿಂದ ತಾಮ್ರದ ಹಂಡೆಗೆ ಹೋಗುತ್ತಿತ್ತು. ಬಾಯ್ಲರ್ ಮನೆಯ ಬೀಗದ ಕೈ ಗುರುಗಳ ಉಡಿದಾರದಲ್ಲಿ. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಒಂದು ದಿನ ಹಳೆಯ ಕಿರುಬಾಯಿ ಸೀಳಿತು.

ಅಜ್ಜಾರು ಹೊಸದೊಂದನ್ನು ಶಿಷ್ಯ ಕೊಟ್ರೇಶನ ಕೈಗಿಟ್ಟರು. "ಇದನ್ನ ಕೂಡಿಸು. ಸರಿಯಾಗಿ ಕೂಡಿದರ ಬೀಗದ ಕೈ ನಿನ್ನದು."

ಈ ಮಾತಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದ.

ತುಂಡು ಒಂದು ಸುತ್ತು ಹೋಗಿ ಹಟ ಹಿಡಿದು ನಿಂತಿತು. ಹೊರಗೆ ಜ್ವರದವರು ಸಾಲಾಗಿ ಕೂತಿದ್ದರು. ಕಷಾಯ ಹಂಚುವ ಶಂಕ್ರವ್ವ ಬಾಗಿಲಲ್ಲಿ ಇಣುಕಿದಳು.

"ಏನಪಾ ಕೊಟ್ರೇಶಿ, ಇವತ್ತ ಕಷಾಯ ಕುಡಸ್ತೀಯೋ, ಜ್ವರ ತಾನಾಗೇ ಬಿಡೂತನಕ ಕಾಯಬೇಕೋ?"

ಕೊಟ್ರೇಶ ಪೈಪು ತಿರುಗಿಸುವ ಪಾನಾ ಹಾಕಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ತುಂಡು ಕಿರ್ರೆಂದು ತಿರುಗಿತು. ಕೊಂಚ ಸೊಟ್ಟ ಕಂಡಿತು. ಸಂದಿಗೆ ಸೋರಿಕೆ ತಡೆಯುವ ಬಿಳಿ ಮುಲಾಮು ಮೆತ್ತಿದ. ಸೊಟ್ಟ ಕಾಣದಾಯಿತು. ಸಣ್ಣ ಪೈಪನ್ನೂ ಜೋಡಿಸಿದ.

"ಆತೇನು?" ಎಂದರು ಅಜ್ಜಾರು.

"ಆತ್ರಿ. ಕಲ್ಲಿನಂಗ ಬಿಗಿ ಐತ್ರಿ."

ಅಜ್ಜಾರು ಹೊದ್ದ ಶಾಲು ತೆಗೆದರು. ಸ್ಟೂಲು ಎಳೆದು, ಬರಿಬೆನ್ನು ಆ ಕೂಡಿಕೆಗೆ ತಾಗುವಷ್ಟು ಹತ್ತಿರ ಕೂತರು.

"ಉಗಿ ಬಿಡು."

ಕೊಟ್ರೇಶ ವಾಲ್ವಿನ ಮೇಲೆ ಕೈ ಇಟ್ಟ.

"ಅಜ್ಜಾರ, ಒಂದೀಟು ಸರದು ಕೂಡ್ರಿ."

"ಯಾಕ?"

"ಬಿಸಿ ಹತ್ತತೈತ್ರಿ."

"ಬೆನ್ನಿಗೆ ಶಾಖ ಕೊಟ್ಟಂಗಾತು. ಬಿಡು."

ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಅಜ್ಜಾರ ಬೆನ್ನಿನ ಮೇಲೆ ಅಂಗೈ ಅಗಲದ ಹಳೆಯ ಸುಟ್ಟ ಕಲೆ ಇತ್ತು. ಅದು ಹೇಗಾಯಿತೆಂದು ಕೊಟ್ರೇಶ ಯಾವತ್ತೂ ಕೇಳಿರಲಿಲ್ಲ.

"ಬಿಗಿ ಐತಿ ಅಂದೆಲ್ಲೋ?"

"ಬಿಗಿ ಐತ್ರಿ."

"ಮತ್ತ?"

ಕೊಟ್ರೇಶ ವಾಲ್ವಿನಿಂದ ಕೈ ತೆಗೆದ. "ಬಿಗಿ ಐತ್ರಿ ಅಜ್ಜಾರ. ಕೂಡಿಲ್ರಿ."

"ಬಿಚ್ಚು."

ಬಿಚ್ಚಿದಾಗ ಹಿತ್ತಾಳೆಯ ಪುಡಿ ಅವನ ಅಂಗೈಗೆ ಉದುರಿತು. ಒಳಗಿನ ಸುತ್ತುಗಳು ನುಣ್ಣಗೆ ತೇಯ್ದುಹೋಗಿದ್ದವು. ಅಜ್ಜಾರು ಉಡಿಯಿಂದ ಇನ್ನೊಂದು ಕಿರುಬಾಯಿ ತೆಗೆದರು.

"ಮಠದಾಗ ಇದೊಂದ ಉಳದೈತಿ. ಬಾಯಿಗೆ ಬಾಯಿ ಹಚ್ಚಿ ಹಿಂದಕ್ಕ ತಿರುವು."

"ಹಿಂದಕ್ಕ ತಿರುವಿದರ ಬಿಚ್ಚತೈತಲ್ರಿ?"

"ಇನ್ನೂ ಕೂಡೇ ಇಲ್ಲ. ಬಿಚ್ಚೂದೇನು?"

ಕೊಟ್ರೇಶ ನಿಧಾನವಾಗಿ ಹಿಂದಕ್ಕೆ ತಿರುಗಿಸಿದ. ಅರ್ಧ ಸುತ್ತಿಗೆ ಒಳಗೆಲ್ಲೋ ಟಕ್ ಅಂದಿತು. ತಿರುಪಿನ ಸುತ್ತಿಗೆ ಸುತ್ತು ಹೊಂದಿ, ತುಂಡು ಒಂದು ಕೂದಲೆಳೆಯಷ್ಟು ಕೆಳಗಿಳಿದು ಕೂತದ್ದು ಬೆರಳಿಗೆ ತಿಳಿಯಿತು.

"ಈಗ ಮುಂದಕ್ಕ."

ಎರಡೇ ಬೆರಳಿನ ಬಲಕ್ಕೆ ಸಲೀಸಾಗಿ ಹೋಯಿತು.

ಅವನು ಅದನ್ನು ಮತ್ತೆ ಬಿಚ್ಚಿ, ಉಗಿ ಸೋರದಂತೆ ಪೈಪಿಗೆ ಸೆಣಬಿನ ನಾರು ಸುತ್ತಿ, ಮತ್ತೆ ಹಿಂದಕ್ಕೆ ತಿರುಗಿಸಿ ಆ ಸದ್ದಿಗೆ ಕಾದ. ಆಮೇಲೆ ಮುಂದಕ್ಕೆ. ಪಾನಾ ಹಾಕಿದ್ದು ಕೊನೆಗೆ, ಅದೂ ಹಗುರಕ್ಕೆ. ಸಣ್ಣ ಪೈಪನ್ನೂ ಹಾಗೆಯೇ ಕೂಡಿಸಿದ. ಈ ಸಲ ಮುಲಾಮು ಮುಟ್ಟಲಿಲ್ಲ.

ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು.

ಅಜ್ಜಾರು ಎದ್ದರು. ಉಡಿದಾರದಿಂದ ಬೀಗದ ಕೈ ಬಿಚ್ಚಿ ತಾವು ಕೂತಿದ್ದ ಸ್ಟೂಲಿನ ಮೇಲಿಟ್ಟರು. ಹೋಗಿ ವಾಲ್ವು ಹಿಡಿದು ನಿಂತರು.

"ಅದನ್ನ ತಗೊಂಡು ಅಲ್ಲೇ ಕೂಡು. ಕುಂತು ಹೇಳು, ಆತೇನು?"