ತೇಪೆಯಿಲ್ಲದ ಹರಿಗೋಲು

ಹೊಳೆಯಾಚೆಯ ಐದು ಮಠಗಳೂ ಸೇರಿ ಒಂದೇ ಪತ್ರ ಕಳಿಸಿದ್ದವು. ಹಂಪಯ್ಯ ಅದನ್ನು ಮೂರು ಸಲ ಓದಿ ಮಡಿಚಿಟ್ಟ.

ಅವನು ಸಂಗಮ್ಮತಾಯಿಯ ಶಿಷ್ಯ. ತಾಯಿ ಐವತ್ತು ವರ್ಷ ಕೊಟ್ಟ ಬೇರುನಾರಿನ ಮದ್ದುಗಳನ್ನೆಲ್ಲ ಅವರ ಬಾಯಿಂದ ಕೇಳಿ, ನಾಲ್ಕು ವರ್ಷದಿಂದ ಆಶ್ರಮದ ಲ್ಯಾಪ್‌ಟಾಪಿಗೆ ಏರಿಸುತ್ತಿದ್ದ. ಬೇರೆಲ್ಲೂ ಪ್ರತಿ ಇರಲಿಲ್ಲ. ಆ ಲ್ಯಾಪ್‌ಟಾಪ್ ನಡೆಯುತ್ತಿದ್ದುದು ಯಾರೋ ನಾಲ್ಕು ಮಂದಿ ಸೇರಿ ಬರೆದ, ಜನ ಹೆಸರೂ ಕೇಳಿರದ ಒಂದು ತಂತ್ರಾಂಶದ ಮೇಲೆ.

“ಏನಂತೆ ಪತ್ರದಲ್ಲಿ?” ತಾಯಿ ಕೇಳಿದರು.

“ಅವರ ಕಂಪ್ಯೂಟರುಗಳಿಗೆ ಹ್ಯಾಕರ್‌ಗಳು ಕನ್ನ ಹಾಕಿದರಂತೆ. ನಮ್ಮದಕ್ಕೆ ಏನೂ ಆಗಿಲ್ಲವಲ್ಲ, ಅದೇ ತಂತ್ರಾಂಶ ತಮಗೂ ಹಾಕಿಕೊಡು ಅಂತಾರೆ. ನಾನು ಒಲ್ಲೆ ಅಂತ ಬರೀತೀನಿ ತಾಯೀ.”

“ಯಾಕಪ್ಪಾ?”

“ಹಣ್ಣಿರೋ ಮರಕ್ಕೇ ಅಲ್ವಾ ಕಲ್ಲು? ಊರೆಲ್ಲ ಬಳಸೋದರ ಮೇಲೇ ಕಳ್ಳರ ಕಣ್ಣು. ನಮ್ಮದು ಯಾರಿಗೂ ಗೊತ್ತಿಲ್ಲ, ಅದಕ್ಕೇ ಗಟ್ಟಿಯಾಗಿದೆ. ಇವರೆಲ್ಲ ಬಂದರೆ ಕಳ್ಳರೂ ಹಿಂದೆಯೇ ಬರ್ತಾರೆ. ನಿಮ್ಮ ಮದ್ದೆಲ್ಲ ಹೋಗಿಬಿಟ್ಟರೆ?”

“ಒಲ್ಲೆ ಅನ್ನೋದಾದರೆ ಮುಖ ನೋಡಿ ಅನ್ನು. ನಡಿ, ಹೊಳೆ ದಾಟೋಣ.”

ಹಂಪಯ್ಯ ಲ್ಯಾಪ್‌ಟಾಪನ್ನೂ ಜೋಳಿಗೆಗೆ ಹಾಕಿಕೊಂಡ. ಅದನ್ನು ಬಿಟ್ಟು ಅವನು ಎಲ್ಲಿಗೂ ಹೋದವನಲ್ಲ.

ದಡದಲ್ಲಿ ಎರಡು ಹರಿಗೋಲು. ಒಂದನ್ನು ಅಂಬಿಗರ ಹುಲಿಗಪ್ಪ ದಿನವೂ ನಡೆಸುತ್ತಿದ್ದ. ಅದರ ಮೈತುಂಬ ಡಾಂಬರಿನ ತೇಪೆ. ಇನ್ನೊಂದು ಭಕ್ತರು ಎಂದೋ ಕೊಟ್ಟದ್ದು, ಒಮ್ಮೆಯೂ ನೀರಿಗಿಳಿಯದೆ ಹೊಸದಾಗಿಯೇ ಹೊಂಗೆ ಮರದ ಕೆಳಗೆ ಬೋರಲಾಗಿ ಮಲಗಿತ್ತು. ಒಂದು ತೇಪೆಯಿಲ್ಲ.

“ಯಾವುದರಲ್ಲಿ ಹೋಗೋಣ?”

“ಇದನ್ನೂ ಕೇಳಬೇಕಾ ತಾಯೀ? ಆ ಹರಕು ಕೌದಿಯಲ್ಲಿ ಯಾರು ಕೂತಾರು?”

ಹುಲಿಗಪ್ಪ ಬಾಯಿ ತೆರೆದ. ತಾಯಿ ಕೈಸನ್ನೆ ಮಾಡಿದರು. ಬೇಸಿಗೆಯ ಹೊಳೆ, ಇಳಿದು ನಿಂತರೆ ಎದೆಮಟ್ಟ. ಅವನು ಮೀಸೆಯಡಿ ನಗುತ್ತ ಹೊಸದನ್ನು ನೀರಿಗಿಳಿಸಿ, ಹುಟ್ಟನ್ನು ಹಂಪಯ್ಯನ ಕೈಗಿತ್ತ. ತಾನು ತನ್ನ ಹರಿಗೋಲಲ್ಲಿ ಹಿಂದೆ ಹೊರಟ.

ನಡುಹೊಳೆಯಲ್ಲಿ ಹಂಪಯ್ಯನ ಹಿಮ್ಮಡಿ ತಣ್ಣಗಾಯಿತು. ಬಗ್ಗಿ ನೋಡಿದರೆ ಮೂರು ಕಡೆ ನೀರು ಜಿನುಗುತ್ತಿತ್ತು. ನೋಡನೋಡುತ್ತ ಮೊಣಕಾಲಿಗೆ ಬಂತು.

ಜೋಳಿಗೆಯನ್ನು ತಲೆಯ ಮೇಲೆತ್ತಿ ಕೂಗಿದ: “ಹುಲಿಗಪ್ಪಣ್ಣಾ, ಬೇಗ ಬಾರೋ! ನಾಲ್ಕು ವರ್ಷದ ಕೆಲಸ ಇದರಲ್ಲಿದೆ!”

“ಮೊದಲು ತಾಯಿಯನ್ನ ಹತ್ತಿಸು ಮಾರಾಯಾ, ಆಮೇಲೆ ನಿನ್ನ ಜೋಳಿಗೆ!”

ಇಬ್ಬರೂ ತೇಪೆಯ ಹರಿಗೋಲು ಹತ್ತಿದರು. ಅದರ ತಳ ಒಣಗಿತ್ತು. ಹಂಪಯ್ಯ ಜೋಳಿಗೆ ಬಿಚ್ಚಿ ನೋಡಿದ. ಲ್ಯಾಪ್‌ಟಾಪಿಗೆ ನೀರು ತಾಕಿರಲಿಲ್ಲ.

“ಆ ಹೊಸದರಲ್ಲಿ ಒಂದು ತೂತೂ ಇರಲಿಲ್ಲವಲ್ಲ ತಾಯೀ!”

“ಇತ್ತು. ನೀರು ಇನ್ನೂ ಹುಡುಕಿರಲಿಲ್ಲ.”

ಹಂಪಯ್ಯ ತಾನು ಕೂತ ಹರಿಗೋಲಿನ ತೇಪೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಒಂದು ತೇಪೆಯನ್ನು ಮುಟ್ಟಿದ. “ಇದು ಹೇಗಾಯಿತು ಹುಲಿಗಪ್ಪಣ್ಣ?”

“ಅದು ಹೋತದ ಕೊಂಬು ತಾಗಿ. ಇದು ದಿಬ್ಬಣದವರ ಟ್ರಂಕು ಕುಕ್ಕಿ. ಈ ಮೂಲೇದು ನನಗೇ ಕಂಡಿರಲಿಲ್ಲ. ಸೊಪ್ಪು ಮಾರೋ ಈರಮ್ಮ ತೋರಿಸಿದಳು. ‘ಸೀರೆಯೆಲ್ಲ ಒದ್ದೆ, ನಿನಗೇನು ಕಣ್ಣಿಲ್ಲವೇನೋ ಮೂಳಾ’ ಅಂದಳು. ಅವತ್ತೇ ಡಾಂಬರು ಕಾಯಿಸಿದೆ.”

ತಾಯಿ ಸೆರಗು ಹಿಂಡುತ್ತಿದ್ದರು.

“ಐದು ಮಠದವರೂ ಬಂದರೆ ಕಳ್ಳರೂ ಬರ್ತಾರಲ್ಲ ತಾಯೀ?”

“ಬರ್ತಾರೆ.”

“ಮತ್ತೆ?”

“ಈರಮ್ಮನೂ ಬರ್ತಾಳೆ.”

ಹಂಪಯ್ಯನಿಗೆ ನಗು ಬಂತು. ಆಚೆ ದಡ ಹತ್ತಿರವಾಗುತ್ತಿತ್ತು. ಮಠದವರು ಕೈಬೀಸುತ್ತ ನಿಂತಿದ್ದರು.

“ಬನ್ನಿ ಅಂತಲೇ ಹೇಳ್ತೀನಿ. ಮದ್ದುಗಳ ಒಂದೊಂದು ಪ್ರತಿ ಅವರ ಹತ್ತಿರವೂ ಇಟ್ಟು ಬರ್ತೀನಿ. ಇನ್ನೇನಾದರೂ ಹೇಳಬೇಕಾ ತಾಯೀ?”

ಹಗ್ಗ ಕಟ್ಟಿಸಿಕೊಂಡು, ಅರೆ ಮುಳುಗಿ ಹಿಂದೆ ಬರುತ್ತಿದ್ದ ಹೊಸ ಹರಿಗೋಲನ್ನು ತಾಯಿ ತಿರುಗಿ ನೋಡಿದರು.

“ಬರುವಾಗ ಡಾಂಬರು ತನ್ನಿ ಅನ್ನು.”